ಇಪ್ಪತ್ತು ಮೀಟರ್ ಕೆಳಗಿನ ಚಳಿ: ಅಲಾಸ್ಕಾದಲ್ಲಿ ಏಳು ದಿನ

ಮೊದಲ ದಿನ: ಫೇರ್‌ಬ್ಯಾಂಕ್ಸ್

ಅಲಾಸ್ಕಾದ ಹೆಪ್ಪುಗಟ್ಟಿದ ನೆಲದೊಳಗಿನ ಉಷ್ಣತೆ ಅಳೆಯಲು ಹೊರಟ ನಮ್ಮ ಪ್ರವಾಸ ಶುರುವಾಗಿದ್ದು ಒಂದು ಥರ್ಮಾಸ್ ಫ್ಲಾಸ್ಕ್‌ನಿಂದ. ಬೆಳಿಗ್ಗೆ ಎಂಟಕ್ಕೆ ಲ್ಯಾಬ್‌ಗೆ ಹೋದಾಗ ಮೇಷ್ಟ್ರು ಐಸ್ ಕುಟ್ಟುತ್ತಾ ನಿಂತಿದ್ದರು. ಡಿಸ್ಟಿಲ್ಡ್ ವಾಟರ್‌ನಿಂದಲೇ ಕಟ್ಟಿದ ಐಸ್. ಅದನ್ನು ಬಟ್ಟೆಯಲ್ಲಿ ಸುತ್ತಿ, ಮರದ ಸುತ್ತಿಗೆಯಲ್ಲಿ ಹೊಡೆದು, ಸಕ್ಕರೆ ಹರಳಿನಷ್ಟು ಸಣ್ಣಗೆ ಮಾಡುತ್ತಿದ್ದರು. ಆ ಪುಡಿಯನ್ನು ಫ್ಲಾಸ್ಕಿಗೆ ಒತ್ತಿ ಒತ್ತಿ ತುಂಬಿ, ಮೇಲೆ ಅದೇ ಶುದ್ಧ ನೀರು ಸುರಿದರು. ಸುಮ್ನೆ ನೀರಿಗೆ ನಾಲ್ಕು ತುಂಡು ಐಸ್ ಹಾಕಿದರೆ ಆಗಲ್ಲ. ಐಸ್ ಮೇಲೆ ತೇಲುತ್ತೆ, ತಳದ ನೀರು ನಾಲ್ಕು ಡಿಗ್ರಿವರೆಗೂ ಬೆಚ್ಚಗೆ ಉಳಿಯಬಹುದು. ತಳದವರೆಗೂ ಐಸೇ ಕೂತಿರಬೇಕು. ಆಗ ಮಾತ್ರ ಒಳಗೆ ಸರಿಯಾಗಿ ಸೊನ್ನೆ ಡಿಗ್ರಿ.

ಅದರೊಳಗೆ ನಮ್ಮ ಥರ್ಮಿಸ್ಟರ್ ಇಳಿಸಿದರು. ಥರ್ಮಿಸ್ಟರ್ ಅಂದರೆ ಜೋಳದ ಕಾಳಿಗಿಂತ ಚಿಕ್ಕ ಸೆನ್ಸರ್. ಚಳಿ ಜಾಸ್ತಿಯಾದಷ್ಟೂ ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಏರುತ್ತೆ. ನಮ್ಮದನ್ನು ಸ್ಟೀಲ್ ಕೊಳವೆಯೊಳಗೆ ಕೂರಿಸಿ, ಉದ್ದನೆಯ ಕೇಬಲ್‌ಗೆ ಸೇರಿಸಿದ್ದರು. ಇದಕ್ಕೇ ಪ್ರೋಬ್ ಅನ್ನೋದು. ಇಪ್ಪತ್ತು ನಿಮಿಷ ಕಾದೆವು. ಮೀಟರ್‌ನಲ್ಲಿ 16,318 ಓಮ್ ಬಂದು ನಿಂತಿತು. ಸೊನ್ನೆಯ ಹತ್ತಿರ ಒಂದು ಡಿಗ್ರಿ ಬದಲಾದರೆ ಸುಮಾರು 800 ಓಮ್ ಬದಲಾಗುತ್ತೆ. ಅಂದರೆ ಎಂಟು ಓಮ್ ವ್ಯತ್ಯಾಸ ಅಂದ್ರೆ ಒಂದು ಡಿಗ್ರಿಯ ನೂರನೇ ಒಂದು ಭಾಗ. ನಾವು ಹುಡುಕಿಕೊಂಡು ಹೊರಟಿದ್ದೂ ಅಷ್ಟು ಸಣ್ಣ ಬದಲಾವಣೆಯನ್ನೇ. ಮೇಷ್ಟ್ರು ನೋಟ್‌ಬುಕ್‌ನಲ್ಲಿ ತಾರೀಕು, ಹೊತ್ತು, 16,318 ಅಂತ ಬರೆದು ಅಡಿಯಲ್ಲಿ ಎರಡು ಗೆರೆ ಎಳೆದರು.

ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ಸೆನ್ಸರ್‌ಗಳ ಅಂಕಿ ತಾನಾಗಿಯೇ ಬರೆದಿಟ್ಟುಕೊಳ್ಳುವ ಲಾಗರ್ ಕೆಟ್ಟರೆ ಬಿಚ್ಚಿ ನೋಡಲು ಬರುತ್ತೆ ಅಂತ ನನ್ನನ್ನು ಸೇರಿಸಿಕೊಂಡಿದ್ದರು. ನಾವು ಮೂವರು. ಮೂವತ್ತು ವರ್ಷದಿಂದ ಇದೇ ಕೆಲಸ ಮಾಡಿಕೊಂಡು ಬಂದಿರುವ ಹಿರಿಯರು ಒಬ್ಬರು, ಅವರನ್ನು ಇಲ್ಲಿ ಮೇಷ್ಟ್ರು ಅಂತಲೇ ಕರೆಯುತ್ತೇನೆ. ಪಿಎಚ್‌ಡಿ ಮಾಡುತ್ತಿರುವ ಹುಡುಗಿ ಒಬ್ಬಳು. ಮತ್ತೆ ನಾನು. ನನ್ನ ಊರು ಚಿತ್ರದುರ್ಗದ ಕಡೆ. ಬೋರ್, ಕೇಸಿಂಗ್ ಪೈಪ್, ಎಷ್ಟು ಅಡಿ ಅನ್ನೋ ಮಾತುಗಳನ್ನು ಕೇಳಿಕೊಂಡೇ ಬೆಳೆದವರು ನಾವು. ಅಪ್ಪ ಪಂಪ್‌ಹೌಸ್ ಗೋಡೆ ಮೇಲೆ ಪ್ರತಿ ಬೇಸಿಗೆಯಲ್ಲೂ ಸೀಮೆಸುಣ್ಣದಲ್ಲಿ ಬರೆಯುತ್ತಾರೆ, ಈ ವರ್ಷ ಮೋಟರ್ ಎಷ್ಟು ಅಡಿಗೆ ಇಳಿಸಿದೆವು ಅಂತ. ಯಾರೂ ಹೇಳಿಕೊಟ್ಟಿದ್ದಲ್ಲ. ಹೋದ ವರ್ಷದ್ದು ಗೊತ್ತಿಲ್ಲದಿದ್ದರೆ ಈ ವರ್ಷದ್ದಕ್ಕೆ ಬೆಲೆ ಇಲ್ಲ ಅಂತ ಅವರಿಗೆ ಅನ್ನಿಸಿದೆ ಅಷ್ಟೇ.

ಮಧ್ಯಾಹ್ನ ಊರಿಂದ ಹದಿನಾರು ಕಿಲೋಮೀಟರ್ ಉತ್ತರಕ್ಕಿರುವ ಫಾಕ್ಸ್ ಅನ್ನೋ ಜಾಗಕ್ಕೆ ಹೋದೆವು. ಅಲ್ಲಿ ಅಮೆರಿಕದ ಸೇನೆಯ ಎಂಜಿನಿಯರ್‌ಗಳು 1960ರ ದಶಕದಲ್ಲಿ ಬೆಟ್ಟದ ಬುಡಕ್ಕೆ ಕೊರೆದ ಸುರಂಗ ಇದೆ. ಕಲ್ಲಿನೊಳಗಲ್ಲ, ಹೆಪ್ಪುಗಟ್ಟಿದ ಮಣ್ಣಿನೊಳಗೆ. ಬಾಗಿಲು ತೆಗೆದ ಕೂಡಲೇ ಮೂಗಿಗೆ ಬಡಿದಿದ್ದು ವಾಸನೆ. ಮುಗ್ಗಿದ ಬೆಣ್ಣೆ, ಹಳೇ ಕೊಟ್ಟಿಗೆ, ಎರಡೂ ಸೇರಿದಂಥದ್ದು. ಸಾವಿರಾರು ವರ್ಷ ಕೊಳೆಯದೆ ಉಳಿದ ಹುಲ್ಲು, ಬೇರು, ಪ್ರಾಣಿಗಳ ಅಂಶ ಗಾಳಿ ತಾಗಿ ಈಗ ನಿಧಾನಕ್ಕೆ ಕೊಳೆಯುತ್ತಿರುವ ವಾಸನೆ ಅದು. ಗೋಡೆಯಿಂದ ಕಾಡುಕೋಣದ ಜಾತಿಯ ಪ್ರಾಣಿಯ ಮೂಳೆ ಹೊರಗೆ ಚಾಚಿಕೊಂಡಿತ್ತು. ಚಾವಣಿಯಲ್ಲಿ ನೇತಾಡುವ ಬೇರುಗಳು. ಕೆಲವು ಕಡೆ ಹುಲ್ಲು ಇನ್ನೂ ಹಸಿರು ಛಾಯೆಯಲ್ಲೇ ಇದೆ. ಒಳಗಡೆ ಹೋದಂತೆ ಮಣ್ಣಿನ ವಯಸ್ಸು 40 ಸಾವಿರ ವರ್ಷ ದಾಟುತ್ತೆ.

ಎರಡು ವರ್ಷ ಬಿಡದೆ ಸೊನ್ನೆ ಡಿಗ್ರಿಗಿಂತ ಮೇಲೆ ಏರದ ನೆಲವನ್ನು ಪರ್ಮಾಫ್ರಾಸ್ಟ್ ಅನ್ನುತ್ತಾರೆ. ಅದರಲ್ಲಿ ಐಸ್ ಇರಲೇಬೇಕು ಅಂತಿಲ್ಲ, ಒಣ ಬಂಡೆಯೂ ಆಗಬಹುದು. ಎಣಿಕೆಗೆ ಬರೋದು ಉಷ್ಣತೆ ಒಂದೇ. ಉತ್ತರದ ಈ ನೆಲಗಳಲ್ಲಿ ಸಿಕ್ಕಿಬಿದ್ದಿರುವ ಇಂಗಾಲ ವಾತಾವರಣದಲ್ಲಿ ಇರುವುದರ ಸುಮಾರು ಎರಡರಷ್ಟು. ಓದಿ ಗೊತ್ತಿತ್ತು. ಆದರೆ ಆ ವಾಸನೆ ಮೂಗಿಗೆ ಬಂದಾಗ ಗೊತ್ತಾಗಿದ್ದೇ ಬೇರೆ. ಇಷ್ಟು ದಿನ ಕೊಳೆಯದೆ ಇದ್ದದ್ದು ಚಳಿ ಒಂದರಿಂದಲೇ ಅಲ್ವಾ ಅನ್ನಿಸಿತು.

ಎರಡನೇ ದಿನ: ಕೋಲ್ಡ್‌ಫುಟ್‌ವರೆಗೆ

ಬೆಳಿಗ್ಗೆ ಆರಕ್ಕೆ ಹೊರಟೆವು. ಆಗಸ್ಟ್ ಕೊನೆಯ ವಾರ. ಗಾಡಿಯಲ್ಲಿ ಎರಡು ಸ್ಟೆಪ್ನಿ, ಡೀಸೆಲ್ ಕ್ಯಾನು, ದಾರಿಯ ಟ್ರಕ್‌ನವರ ಜೊತೆ ಮಾತಾಡಲು ಸಿಬಿ ರೇಡಿಯೋ, ಕರಡಿ ಓಡಿಸುವ ಸ್ಪ್ರೇ, ಟೆಂಟು, ಆಮೇಲೆ ದಪ್ಪ ಸುರುಳಿಯಾಗಿ ಸುತ್ತಿದ ಕೇಬಲ್‌ಗಳು.

ಡಾಲ್ಟನ್ ಹೈವೇ 666 ಕಿಲೋಮೀಟರ್ ಉದ್ದ. ಫೇರ್‌ಬ್ಯಾಂಕ್ಸ್‌ನಿಂದ ಲೆಕ್ಕ ಹಾಕಿದರೆ ಸುಮಾರು 800. ಬಹಳ ಕಡೆ ಜಲ್ಲಿ ರಸ್ತೆ. 1974ರಲ್ಲಿ ತೈಲದ ಪೈಪ್‌ಲೈನ್ ಹಾಕಲು ಸಾಮಾನು ಸಾಗಿಸಬೇಕಿತ್ತು, ಅದಕ್ಕೇ ಐದು ತಿಂಗಳಲ್ಲಿ ಮಾಡಿದ ರಸ್ತೆ ಇದು. ಎದುರಿಗೆ ಬರುವ ಟ್ರಕ್‌ಗಳಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿಯಲೇಬೇಕು. ಇಲ್ಲದಿದ್ದರೆ ಕಲ್ಲು ಹಾರಿ ಮುಂದಿನ ಗಾಜಿಗೆ ಬಡಿಯುತ್ತೆ. ನಮಗೂ ಯುಕಾನ್ ನದಿಗೆ ಮುಂಚೆಯೇ ಒಂದು ಬಿರುಕು ಬಿತ್ತು. ಈ ರಸ್ತೆಯಲ್ಲಿ ಓಡಾಡುವ ಗಾಡಿಗಳಲ್ಲಿ ಬಿರುಕಿಲ್ಲದ ಗಾಜು ನಾನಂತೂ ನೋಡಲಿಲ್ಲ.

ರಸ್ತೆ ಪಕ್ಕದಲ್ಲೇ ಪೈಪ್‌ಲೈನ್ ಬರುತ್ತೆ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಒಟ್ಟು 1,287 ಕಿಲೋಮೀಟರ್ ಪೈಪು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನೆಲದ ಮೇಲೆ ಕಂಬಗಳ ಮೇಲಿದೆ. ಕಾರಣ ಇದೇ ಹೆಪ್ಪುಗಟ್ಟಿದ ನೆಲ. ಬಿಸಿ ತೈಲದ ಪೈಪನ್ನು ಹೂತರೆ ಸುತ್ತಲಿನ ಐಸ್ ಕರಗಿ ನೆಲ ಕುಸಿಯುತ್ತೆ. ಪೈಪ್ ಹೊತ್ತ ಕಂಬಗಳ ತಲೆಯ ಮೇಲೆ ಅಲ್ಯೂಮಿನಿಯಂ ರೆಕ್ಕೆಗಳಿವೆ. ಅವು ಕಂಬದೊಳಗಿನ ಅಮೋನಿಯಾ ಕೊಳವೆಗಳ ತುದಿ. ಚಳಿಗಾಲದಲ್ಲಿ ನೆಲದ ಶಾಖಕ್ಕೆ ಕೆಳಗಿನ ಅಮೋನಿಯಾ ಆವಿಯಾಗಿ ಮೇಲೆ ಬರುತ್ತೆ, ರೆಕ್ಕೆಗಳ ಚಳಿಗೆ ತಣಿದು ಮತ್ತೆ ದ್ರವವಾಗಿ ಕೆಳಗಿಳಿಯುತ್ತೆ. ಕರೆಂಟಿಲ್ಲ, ಪಂಪಿಲ್ಲ. ನೆಲದ ಶಾಖ ತಾನಾಗಿಯೇ ಆಕಾಶಕ್ಕೆ ಹೋಗುತ್ತೆ. ಬೇಸಿಗೆಯಲ್ಲಿ ಗಾಳಿ ನೆಲಕ್ಕಿಂತ ಬೆಚ್ಚಗಿರುವುದರಿಂದ ಸುಮ್ಮನಿರುತ್ತೆ. ಇಷ್ಟು ಚಂದದ ಕೆಲಸ ನೋಡಿ ನನಗೆ ಗಾಡಿ ನಿಲ್ಲಿಸಿ ಅಂತ ಕೇಳಲೇಬೇಕಾಯಿತು.

ಆರ್ಕ್ಟಿಕ್ ವೃತ್ತದ ಬೋರ್ಡಿನ ಹತ್ತಿರ ಫೋಟೋ. ಆಮೇಲೆ ಮಳೆ. ಸಂಜೆ ಕೋಲ್ಡ್‌ಫುಟ್. ಇಲ್ಲಿಂದ ಮುಂದೆ 386 ಕಿಲೋಮೀಟರ್ ಪೆಟ್ರೋಲ್ ಬಂಕ್ ಇಲ್ಲ, ಅಂಗಡಿ ಇಲ್ಲ.

ಊಟಕ್ಕೆ ಕೂತಾಗ ಮೇಷ್ಟ್ರು ಶೆರ್ಗಿನ್ ಕಥೆ ಹೇಳಿದರು. ಸೈಬೀರಿಯಾದ ಯಾಕುಟ್ಸ್ಕ್‌ನಲ್ಲಿ ರಷ್ಯನ್-ಅಮೆರಿಕನ್ ಕಂಪನಿಯ ಕಚೇರಿ ನೋಡಿಕೊಳ್ಳುತ್ತಿದ್ದವನು ಫ್ಯೋದೊರ್ ಶೆರ್ಗಿನ್. ಕುಡಿಯೋ ನೀರಿಗೆ ಅಂತ ಬಾವಿ ತೋಡಿಸಲು ಶುರು ಮಾಡಿದ. ಎಷ್ಟು ತೋಡಿದರೂ ಹೆಪ್ಪುಗಟ್ಟಿದ ಮಣ್ಣೇ. ಸುಮಾರು ಹತ್ತು ವರ್ಷ ತೋಡಿ, 1837ರ ಹೊತ್ತಿಗೆ 116 ಮೀಟರ್ ಮುಟ್ಟಿದ. ನೀರು ಸಿಗಲಿಲ್ಲ. ಆದರೆ 1844ರಲ್ಲಿ ಅಲೆಕ್ಸಾಂಡರ್ ಫಾನ್ ಮಿಡ್ಡೆನ್‌ಡೋರ್ಫ್ ಅನ್ನೋ ವಿಜ್ಞಾನಿ ಅದೇ ಬಾವಿಯ ಗೋಡೆಯಲ್ಲಿ ಬೇರೆ ಬೇರೆ ಆಳದಲ್ಲಿ ಉಷ್ಣತೆ ಅಳೆದ. ಕೆಳಗೆ ಹೋದಂತೆ ನೆಲ ಸ್ವಲ್ಪ ಸ್ವಲ್ಪವೇ ಬೆಚ್ಚಗಾಗುತ್ತಾ ಹೋಗಿತ್ತು, ಆದರೂ ತಳದಲ್ಲಿ ಇನ್ನೂ ಸೊನ್ನೆಗಿಂತ ಕೆಳಗೇ ಇತ್ತು. ಹೆಪ್ಪುಗಟ್ಟಿದ ನೆಲ ಇಷ್ಟು ಆಳಕ್ಕೆ ಇರುತ್ತೆ ಅಂತ ಯುರೋಪಿನವರು ನಂಬಿದ್ದು ಆಮೇಲೆ.

ಮೇಷ್ಟ್ರಿಗೆ ಇದು ವಿಜ್ಞಾನದ ಕಥೆ. ನನಗೆ ಮಾತ್ರ ಬಾವಿಯ ಕಟ್ಟೆ ಮೇಲೆ ನಿಂತು ಒಳಗೆ ಬಗ್ಗಿ ನೋಡುವ ಶೆರ್ಗಿನ್‌ನ ಮುಖವೇ ಕಣ್ಣಿಗೆ ಕಟ್ಟಿತು. ನೀರು ಬೀಳದ ಬೋರ್ ಮುಂದೆ ನಿಂತವರ ಮುಖ ಹೇಗಿರುತ್ತೆ ಅಂತ ನಾನು ನೋಡಿದ್ದೇನೆ.

ಮೂರನೇ ದಿನ: ಅಟಿಗನ್ ಪಾಸ್, ಗಾಲ್‌ಬ್ರೇತ್ ಕೆರೆ

ಕೋಲ್ಡ್‌ಫುಟ್ ಬಿಟ್ಟ ಮೇಲೆ ಸ್ಪ್ರೂಸ್ ಮರಗಳು ಸಣ್ಣಗಾಗುತ್ತಾ ಬಂದವು. ಕೊನೆಗೆ ಒಂದು ತಿರುವಿನಲ್ಲಿ ಮರಗಳೇ ನಿಂತುಹೋದವು. ಅಲ್ಲಿಂದ ಉತ್ತರಕ್ಕೆ ಮರ ಅನ್ನೋದು ಹೆಚ್ಚುಕಡಿಮೆ ಇಲ್ಲ. ಬ್ರೂಕ್ಸ್ ಪರ್ವತಸಾಲನ್ನು ದಾಟುವ ಅಟಿಗನ್ ಪಾಸ್ 1,444 ಮೀಟರ್ ಎತ್ತರ. ಮೇಲೆ ಹೊಸ ಹಿಮ ಬಿದ್ದಿತ್ತು. ಟ್ರಕ್ ಡ್ರೈವರ್ ಒಬ್ಬರು ರೇಡಿಯೋದಲ್ಲಿ, ಇಳಿಜಾರಿನಲ್ಲಿ ಜಾರುತ್ತೆ, ನಿಧಾನ ಬನ್ನಿ ಅಂತ ಹೇಳಿದರು. ಮುಖ ನೋಡದವರು ಹೇಳಿದ ಆ ಒಂದು ಮಾತು ಎಷ್ಟು ಧೈರ್ಯ ಕೊಟ್ಟಿತು ಅಂದ್ರೆ, ಕೆಳಗಿಳಿದ ಮೇಲೆ ನಾನೇ ರೇಡಿಯೋ ತೆಗೆದುಕೊಂಡು ಥ್ಯಾಂಕ್ಸ್ ಹೇಳಿದೆ.

ಪಾಸ್ ಇಳಿದರೆ ಬೇರೆಯದೇ ಲೋಕ. ಕಣ್ಣು ಹೋದಷ್ಟು ದೂರ ಟಂಡ್ರಾ. ಮೊಣಕಾಲೆತ್ತರವೂ ಇಲ್ಲದ ಬರ್ಚ್ ಪೊದೆಗಳು ಕುಂಕುಮದ ಬಣ್ಣಕ್ಕೆ ತಿರುಗಿದ್ದವು.

ಗಾಲ್‌ಬ್ರೇತ್ ಕೆರೆಯ ಹತ್ತಿರ ನಮ್ಮ ಮೊದಲ ಬೋರ್. ಈ ದಾರಿಯುದ್ದಕ್ಕೂ ಬೋರ್ ಕೊರೆಸಿ ನೆಲದ ಉಷ್ಣತೆ ಅಳೆಯುವ ಕೆಲಸ ಶುರು ಮಾಡಿದವರು ಅಲಾಸ್ಕಾ ವಿಶ್ವವಿದ್ಯಾಲಯದ ಟಾಮ್ ಓಸ್ಟರ್‌ಕ್ಯಾಂಪ್. 1970ರ ದಶಕದ ಕೊನೆ, 80ರ ದಶಕದ ಶುರು. ಆಮೇಲೆ ಮಾಸ್ಕೋದಿಂದ ಬಂದ ವ್ಲಾದಿಮಿರ್ ರೊಮಾನೋವ್ಸ್ಕಿ ಅದನ್ನು ಮುಂದುವರಿಸಿ ಬೆಳೆಸಿದರು. ನೋಡಲು ಏನೂ ಇಲ್ಲ. ಹುಲ್ಲಿನ ಮಧ್ಯೆ ಮೊಣಕಾಲೆತ್ತರದ ಒಂದು ಪೈಪು, ಅದಕ್ಕೊಂದು ಮುಚ್ಚಳ. ಪಕ್ಕದಲ್ಲಿ ನಮ್ಮ ಸಣ್ಣ ಪೆಟ್ಟಿಗೆ, ಒಳಗೆ ಲಾಗರ್. ಮೇಲಿನ ಒಂದು ಮೀಟರ್ ಮಣ್ಣಿನಲ್ಲಿ ಬೇರೆ ಬೇರೆ ಆಳಕ್ಕೆ ಹೂತ ಸೆನ್ಸರ್‌ಗಳನ್ನು ಅದು ಗಂಟೆಗೊಮ್ಮೆ ಓದಿ ನೆನಪಿಟ್ಟುಕೊಳ್ಳುತ್ತೆ. ವರ್ಷಕ್ಕೊಮ್ಮೆ ಬಂದು ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳಬೇಕು.

ಪೆಟ್ಟಿಗೆ ತೆರೆಯುವ ಮೊದಲೇ ಹುಡುಗಿ, “ಅಯ್ಯೋ” ಅಂದಳು. ಕೇಬಲ್‌ನ ಕಪ್ಪು ಕವಚ ಅಂಗೈಯಷ್ಟು ಉದ್ದಕ್ಕೆ ಕಿತ್ತುಹೋಗಿತ್ತು. ಒಳಗಿನ ತಾಮ್ರದ ಎಳೆಗಳು ಹೊಳೆಯುತ್ತಿದ್ದವು. ಸುತ್ತಲೂ ಸಣ್ಣ ಸಣ್ಣ ಹಲ್ಲಿನ ಗುರುತು. ಇಲ್ಲಿನ ನೆಲದ ಅಳಿಲು ಕಡಿದಿದೆ. ಲಾಗರ್ ತೆರೆದು ನೋಡಿದರೆ ಅಕ್ಟೋಬರ್ ಮೊದಲ ವಾರದವರೆಗೆ ಅಂಕಿಗಳಿವೆ. ಆಮೇಲೆ ಬರೀ ಖಾಲಿ.

ಅಕ್ಟೋಬರ್ ಅಂದರೆ ಮುಖ್ಯವಾದ ಹೊತ್ತು. ಬೇಸಿಗೆಯಲ್ಲಿ ಕರಗಿದ ಮೇಲ್ಪದರ ಆಗ ಮತ್ತೆ ಹೆಪ್ಪುಗಟ್ಟುತ್ತೆ. ನೀರು ಐಸ್ ಆಗುವಾಗ ಶಾಖ ಬಿಡುತ್ತಲ್ಲ, ಆ ಶಾಖ ಹೊರಗೆ ಹೋಗುವವರೆಗೂ ಮಣ್ಣು ಸೊನ್ನೆ ಡಿಗ್ರಿಯಲ್ಲೇ ಅಂಟಿಕೊಂಡು ನಿಲ್ಲುತ್ತೆ. ಮೇಲೆ ಗಾಳಿ ಮೈನಸ್ ಇಪ್ಪತ್ತಾದರೂ ಒಳಗೆ ಸೊನ್ನೆ. ಗ್ರಾಫಿನಲ್ಲಿ ವಾರಗಟ್ಟಲೆ ನೆಟ್ಟಗಿನ ಗೆರೆ. ಈ ಗೆರೆ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿದೆಯಾ, ನೆಲ ಪೂರ್ತಿ ಹೆಪ್ಪುಗಟ್ಟುವ ದಿನ ಚಳಿಗಾಲದ ಒಳಗೆ ಒಳಗೆ ಸರಿಯುತ್ತಿದೆಯಾ, ಅದೇ ನಮಗೆ ಬೇಕಿದ್ದ ಉತ್ತರ. ಈ ಜಾಗಕ್ಕೆ ಈ ಒಂದು ವರ್ಷದ ಉತ್ತರ ಇನ್ನೆಂದೂ ಸಿಗಲ್ಲ. ಕಳೆದುಹೋದ ಚಳಿಗಾಲವನ್ನು ವಾಪಸ್ ಹೋಗಿ ಅಳೆಯೋಕಾಗಲ್ಲ.

ಹುಡುಗಿಯ ಕಣ್ಣು ತುಂಬಿತ್ತು. ಅವಳ ಪ್ರಬಂಧದ ಒಂದು ಅಧ್ಯಾಯವೇ ಅದು. ಮೇಷ್ಟ್ರು ಏನೂ ಮಾತಾಡದೆ ಗಾಡಿಗೆ ಹೋಗಿ ಕಬ್ಬಿಣದ ಪೈಪಿನ ತುಂಡು ತಂದರು. ಗಾಡಿಯಲ್ಲಿದ್ದ ಹೆಚ್ಚುವರಿ ಕೇಬಲ್ಲು, ಎರಡನೇ ಪ್ರೋಬು, ಎರಡನ್ನೂ ಇಲ್ಲೇ ಕೂರಿಸಲು ತೀರ್ಮಾನಿಸಿದೆವು. ನಾನು ಮಂಡಿಯೂರಿ ಕೂತು ಒಂದೊಂದೇ ಎಳೆ ಬೆಸೆದೆ. ಗಾಳಿಗೆ ಸೋಲ್ಡರಿಂಗ್ ಐರನ್ ಕಾಯುತ್ತಲೇ ಇರಲಿಲ್ಲ. ಹುಡುಗಿ ತನ್ನ ಜಾಕೆಟ್ ಬಿಚ್ಚಿ ಗಾಳಿಗೆ ಅಡ್ಡ ಹಿಡಿದು ನಿಂತಳು. ಮೂರು ಗಂಟೆ ಹಿಡಿಯಿತು. ಕೊನೆಗೆ ಕೇಬಲ್ ಪೂರ್ತಿ ಕಬ್ಬಿಣದ ಪೈಪಿನೊಳಗೆ ತೂರಿಸಿ, ಕಲ್ಲು ಹೇರಿ ಬಂದೆವು.

ರಾತ್ರಿ ಟೆಂಟಿನಲ್ಲಿ. ಒಂದು ಗಂಟೆಗೆ ಎಚ್ಚರವಾಗಿ ಹೊರಗೆ ಬಂದರೆ ಕೆರೆಯ ಮೇಲೆ ಧ್ರುವಪ್ರಭೆಯ ಹಸಿರು ಬೆಳಕು, ಪರದೆ ಒದರಿದ ಹಾಗೆ ಅಲುಗುತ್ತಿತ್ತು. ಇಬ್ಬರನ್ನೂ ಎಬ್ಬಿಸಿದೆ.

ನಾಲ್ಕನೇ ದಿನ: ಹ್ಯಾಪಿ ವ್ಯಾಲಿ

ಇವತ್ತಿನ ಕೆಲಸ ಸರಳಿನದ್ದು. ತುದಿಗೆ ಹಿಡಿಕೆ ಇರುವ ಒಂದು ಸ್ಟೀಲ್ ಸರಳು. ಅದನ್ನು ಮಣ್ಣಿಗೆ ಒತ್ತಬೇಕು. ಪಾಚಿ ಮೆತ್ತಗೆ ಬಿಟ್ಟುಕೊಡುತ್ತೆ, ಆಮೇಲೆ ಕೆಸರು, ಆಮೇಲೆ ಟಕ್ ಅಂತ ನಿಲ್ಲುತ್ತೆ. ಅದು ಹೆಪ್ಪುಗಟ್ಟಿದ ನೆಲದ ಬಾಗಿಲು. ಕಲ್ಲಿಗೆ ತಾಗಿದರೆ ಸದ್ದು ಬೇರೆ, ಕಿರ್ ಅನ್ನುತ್ತೆ, ಕೈಗೆ ಝುಂ ಅನ್ನಿಸುತ್ತೆ. ಐಸ್‌ಗೆ ತಾಗಿದರೆ ಮಂದವಾದ ಪೆಟ್ಟು. ಅರ್ಧ ದಿನದಲ್ಲಿ ಕೈಗೆ ಅದು ಗೊತ್ತಾಗುತ್ತೆ. ಸರಳಿನ ಮೇಲೆ ಬೆರಳಿಟ್ಟು, ಎಳೆದು, ಅಳತೆ ನೋಡಿ ಕೂಗಬೇಕು. 48. 52. 39. ಸೆಂಟಿಮೀಟರ್ ಲೆಕ್ಕ. ಮೇಲೆ ಪಾಚಿ ದಪ್ಪವಾಗಿದ್ದ ಕಡೆ ಕರಗಿದ್ದು ಕಡಿಮೆ, ನೀರು ನಿಂತ ಕಡೆ ಜಾಸ್ತಿ. ಎರಡು ಹೆಜ್ಜೆ ಅಂತರದಲ್ಲೇ ಇಷ್ಟು ವ್ಯತ್ಯಾಸ.

ಒಂದು ಕಡೆ ಒತ್ತಿ ಬಂದರೆ ಸಾಲದು. ಹನ್ನೊಂದು ಸಾಲು, ಒಂದೊಂದರಲ್ಲೂ ಹನ್ನೊಂದು ಜಾಗ, ಒಟ್ಟು 121 ಕಡೆ. ಆರ್ಕ್ಟಿಕ್ ಸುತ್ತಲಿನ ದೇಶಗಳಲ್ಲೆಲ್ಲ ಇದೇ ಲೆಕ್ಕದಲ್ಲಿ, ಬೇಸಿಗೆ ಮುಗಿಯುವ ಹೊತ್ತಿಗೆ ಯಾರೋ ಒಬ್ಬರು ಹೀಗೆ ಸರಳು ಒತ್ತುತ್ತಾ ನಡೆಯುತ್ತಾರೆ. ನಡೆಯೋದೇ ಕಷ್ಟ. ಹತ್ತಿಹುಲ್ಲಿನ ಗುಪ್ಪೆಗಳು ಫುಟ್‌ಬಾಲ್‌ನಂತೆ ಎದ್ದಿರುತ್ತವೆ. ಮೇಲೆ ಕಾಲಿಟ್ಟರೆ ವಾಲುತ್ತೆ, ಮಧ್ಯೆ ಇಟ್ಟರೆ ನೀರು. ಸಂದಿಯಲ್ಲಿ ಬ್ಲೂಬೆರಿ ಹಣ್ಣಾಗಿತ್ತು. ಒಂದೊಂದು ಸಾಲಿನ ಕೊನೆಗೆ ಒಂದು ಹಿಡಿ ತಿಂದೆವು.

ಮಧ್ಯಾಹ್ನ ಬೋರ್ ಹತ್ತಿರ ಬಂದಾಗ ನನ್ನಿಂದ ತಪ್ಪಾಯಿತು. ಗ್ಲೌಸ್ ಒದ್ದೆಯಾಗಿತ್ತು. ಪ್ರೋಬನ್ನು ಮೇಲೆಳೆಯುವಾಗ ಕೊನೆಯ ಒಂದು ಮಾರು ಕೇಬಲ್ ಕೈಯಿಂದ ಜಾರಿತು. ಹಿಡಿದೆ, ಆದರೆ ಅಷ್ಟರಲ್ಲಿ ಪ್ರೋಬಿನ ತುದಿ ಕೇಸಿಂಗ್ ಪೈಪಿನ ಅಂಚಿಗೆ ಹೊಡೆಯಿತು. ಟಣ್ ಅಂತ ಸದ್ದು. ಮೂವರೂ ಸುಮ್ಮನಾದೆವು.

ಹೊರಗೆ ಏನೂ ಆಗಿರಲಿಲ್ಲ. ಮೀಟರ್ ಹಾಕಿದರೆ ಓದುತ್ತಿತ್ತು. ಆದರೆ ಒಳಗಿನ ಆ ಕಾಳಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟು ತೇವ ಸೇರಿದರೆ ಅಂಕಿ ಮೆಲ್ಲಗೆ ಸರಿಯುತ್ತೆ. ಯಾರಿಗೂ ಗೊತ್ತಾಗದ ಹಾಗೆ ಸರಿಯುತ್ತೆ. ಇನ್ನೊಂದು ಪ್ರೋಬ್ ಇದ್ದಿದ್ದರೆ ಎರಡನ್ನೂ ಜೊತೆಗಿಟ್ಟು ನೋಡಬಹುದಿತ್ತು. ಅದನ್ನು ನಿನ್ನೆ ಗಾಲ್‌ಬ್ರೇತ್‌ನಲ್ಲಿ ಕೂರಿಸಿ ಬಂದಿದ್ದೆವು. ಮೇಷ್ಟ್ರು ನನ್ನ ಹೆಗಲ ಮೇಲೆ ಕೈಯಿಟ್ಟು, “ಬರೆದುಬಿಡು. ಎಷ್ಟು ಹೊತ್ತಿಗೆ, ಎಲ್ಲಿ, ಹೇಗೆ ಬಿತ್ತು, ಎಲ್ಲಾ ಬರೆ. ಮುಂದಿನದು ಫೇರ್‌ಬ್ಯಾಂಕ್ಸ್‌ನಲ್ಲಿ ನೋಡೋಣ” ಅಂದರು. ಬರೆದೆ. ಅಕ್ಷರ ನಡುಗಿದ್ದು ಆ ಪುಟದಲ್ಲಿ ಈಗಲೂ ಕಾಣುತ್ತೆ.

ಐದನೇ ದಿನ: ಫ್ರಾಂಕ್ಲಿನ್ ಬ್ಲಫ್ಸ್ ದಾಟಿ ಡೆಡ್‌ಹಾರ್ಸ್

ಬೆಟ್ಟ ಮುಗಿದು ಸಪಾಟು ಬಯಲು. ಸಾಗವನಿರ್ಕ್‌ಟಕ್ ನದಿ ಪಕ್ಕದಲ್ಲೇ ಹರಿಯುತ್ತೆ, ಎಲ್ಲರೂ ಸಾಗ್ ಅಂತಲೇ ಕರೆಯೋದು. 2015ರ ವಸಂತದಲ್ಲಿ ಇದೇ ನದಿ ಉಕ್ಕಿ ರಸ್ತೆಯನ್ನು ಕೊಚ್ಚಿಹಾಕಿತ್ತು. ನದಿಯಾಚೆ ದಂಡೆಯಲ್ಲಿ ಕಸ್ತೂರಿ ಎತ್ತುಗಳ ಹಿಂಡು, ನೆಲ ಮುಟ್ಟುವ ಕೂದಲು. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ನೆಲದ ಮೇಲೆ ದೊಡ್ಡ ದೊಡ್ಡ ಬಹುಭುಜಗಳು ಕಾಣುತ್ತವೆ, ಯಾರೋ ಗದ್ದೆಗೆ ಬದು ಹಾಕಿದ ಹಾಗೆ. ಚಳಿಗೆ ನೆಲ ಬಿರಿದು, ಆ ಬಿರುಕಿಗೆ ವಸಂತದಲ್ಲಿ ನೀರಿಳಿದು ಐಸಾಗಿ, ಮರುವರ್ಷ ಅಲ್ಲೇ ಮತ್ತೆ ಬಿರಿದು, ಹೀಗೇ ನೂರಾರು ವರ್ಷ ನಡೆದು ಕೆಳಗೆ ಐಸಿನ ಬೆಣೆಗಳು ಬೆಳೆದಿವೆ. ಬದುಗಳ ಮಧ್ಯದ ಕಾಲುವೆಗಳಲ್ಲಿ ಈಗ ಅಲ್ಲಲ್ಲಿ ನೀರು ನಿಂತಿದೆ. ಮೇಷ್ಟ್ರು ಮೊದಲು ಬಂದಾಗ ಈ ಜಾಗಗಳು ಒಣಗಿದ್ದವಂತೆ.

ಡೆಡ್‌ಹಾರ್ಸ್ ಊರಲ್ಲ, ತೈಲದ ಕೆಲಸದವರ ಬೀಡು. ಕಟ್ಟಡಗಳೆಲ್ಲ ಕಂಬಗಳ ಮೇಲೆ, ಇಲ್ಲ ದಪ್ಪ ಜಲ್ಲಿ ಹಾಸಿನ ಮೇಲೆ. ಮನೆಯ ಬಿಸಿ ನೆಲಕ್ಕೆ ತಾಗಬಾರದು ಅಂತ. ಇಲ್ಲಿ ಪರ್ಮಾಫ್ರಾಸ್ಟ್ 600 ಮೀಟರ್‌ಗೂ ಆಳ.

ಸಂಜೆ ನಾಲ್ಕಕ್ಕೆ ಬೋರ್ ಮುಂದೆ ಕೂತೆವು. ಗಾಳಿ ಜೋರಿತ್ತು, ಎರಡು ಡಿಗ್ರಿ ಚಳಿ, ಸೂಜಿಯಂಥ ತುಂತುರು. ಕೇಬಲ್ ಮೇಲೆ ಒಂದೊಂದು ಮೀಟರ್‌ಗೂ ಟೇಪಿನ ಗುರುತು. ಯಾವಾಗಲೂ ಮೇಲಿಂದ ಕೆಳಕ್ಕೇ ಅಳೆಯಬೇಕು. ಎಳೆದಾಡಿದರೆ ಒಳಗಿನ ಗಾಳಿ ಕಲಕಿಹೋಗುತ್ತೆ. ಬೇಸಿಗೆಯಲ್ಲಿ ಈ ಕೆಲಸ ಮಾಡಲು ಅದೂ ಒಂದು ಕಾರಣ. ಮೇಲೆ ಬೆಚ್ಚಗಿನ ಹಗುರ ಗಾಳಿ, ಕೆಳಗೆ ತಣ್ಣಗಿನ ಭಾರದ ಗಾಳಿ, ಹಾಗಾಗಿ ಪೈಪಿನೊಳಗೆ ಗಾಳಿ ಅಲುಗದೆ ನಿಂತಿರುತ್ತೆ. ಒಂದೊಂದು ಆಳದಲ್ಲೂ ಅಂಕಿ ನಿಲ್ಲುವವರೆಗೆ ಕಾಯಬೇಕು. ಮೀಟರಿನ ಕೊನೆಯ ಅಂಕಿ ಬದಲಾಗುತ್ತಲೇ ಇರುತ್ತೆ, ಆಮೇಲೆ ನಿಧಾನವಾಗುತ್ತೆ, ಆಮೇಲೆ ಎರಡು ಅಂಕಿಗಳ ಮಧ್ಯೆ ಹೋಗಿಬಂದು ಮಾಡುತ್ತೆ. ಆಗ ನಾನು ಕೂಗಬೇಕು. ಹುಡುಗಿ ಬರೆದುಕೊಂಡು ಅದನ್ನೇ ತಿರುಗಿ ಓದಬೇಕು. ನಾನು ಹೌದು ಅಂದ ಮೇಲೆ ಮೇಷ್ಟ್ರು ಮುಂದಿನ ಮೀಟರ್ ಇಳಿಸುತ್ತಾರೆ.

ಎರಡು ಮೀಟರ್, ನಾಲ್ಕು ಮೀಟರ್, ರೆಸಿಸ್ಟೆನ್ಸ್ ಏರುತ್ತಾ ಹೋಯಿತು. ಹತ್ತು ಮೀಟರ್ ಹತ್ತಿರ ಬಂದಾಗ ಮೇಷ್ಟ್ರು, “ಈಗ ಹೋದ ಚಳಿಗಾಲದಲ್ಲಿ ಇದ್ದೀವಿ” ಅಂದರು. ನಿಜ. ಮೇಲಿನ ಚಳಿ ಮಣ್ಣಿನೊಳಗೆ ಇಳಿಯಲು ಹೊತ್ತು ಬೇಕು. ಹತ್ತು ಮೀಟರ್ ಮುಟ್ಟಲು ಸುಮಾರು ಅರ್ಧ ವರ್ಷ. ನಾವು ಆಗಸ್ಟಿನಲ್ಲಿ ಕೂತಿದ್ದರೆ ಆ ಆಳದ ಮಣ್ಣು ಫೆಬ್ರವರಿಯಲ್ಲಿದೆ. ಆ ಅಲೆಯೂ ಅಷ್ಟು ಹೊತ್ತಿಗೆ ತೀರಾ ಸಣ್ಣದಾಗಿರುತ್ತೆ. ಇಪ್ಪತ್ತು ಮೀಟರ್‌ಗೆ ಹೋದರೆ ಬೇಸಿಗೆ, ಚಳಿಗಾಲ ಎರಡೂ ಇಲ್ಲ. ಅಲ್ಲಿ ಅಂಕಿ ಬದಲಾದರೆ ಈ ವರ್ಷದ ಹವೆಯ ಆಟ ಅಲ್ಲ ಅದು. ವರ್ಷಗಟ್ಟಲೆ ಮೇಲಿಂದ ಇಳಿದು ಬಂದ ಶಾಖ.

ಅದಕ್ಕೇ ಎಲ್ಲರೂ ಇಪ್ಪತ್ತು ಮೀಟರ್ ಅನ್ನೋದು. 1980ರ ದಶಕದಲ್ಲಿ ಇಲ್ಲಿ ಆ ಆಳದಲ್ಲಿ ಮೈನಸ್ 8 ಡಿಗ್ರಿಯ ಆಸುಪಾಸು ಇತ್ತು. ಈಗ ಮೈನಸ್ 5ರ ಸುತ್ತಮುತ್ತ. ಇನ್ನೂ ಗಟ್ಟಿ ಹೆಪ್ಪೇ, ಕರಗಲು ದೂರ ಇದೆ. ಆದರೆ ನಾಲ್ಕು ದಶಕದಲ್ಲಿ ಮೂರು ಡಿಗ್ರಿ, ಅದೂ ಸೂರ್ಯನನ್ನೇ ನೋಡದ ಮಣ್ಣಿನಲ್ಲಿ. ಇದು ಇಲ್ಲಿಯದಷ್ಟೇ ಕಥೆ ಅಲ್ಲ. ಪ್ರಪಂಚದ ನೂರಕ್ಕೂ ಹೆಚ್ಚು ಬೋರ್‌ಗಳ ಲೆಕ್ಕ ಒಟ್ಟುಗೂಡಿಸಿ 2019ರಲ್ಲಿ ಪ್ರಕಟಿಸಿದಾಗ, 2007ರಿಂದ 2016ರ ನಡುವೆ ಪರ್ಮಾಫ್ರಾಸ್ಟ್ ಸರಾಸರಿ 0.29 ಡಿಗ್ರಿ ಬೆಚ್ಚಗಾಗಿತ್ತು. ಅದಕ್ಕೂ ಎಷ್ಟೋ ಮುಂಚೆ, 1986ರಲ್ಲೇ, ಆರ್ಥರ್ ಲಾಕೆನ್‌ಬ್ರುಕ್ ಮತ್ತು ಮಾರ್ಷಲ್ ಅನ್ನುವವರು ಇದೇ ಬಯಲಿನ ಹಳೆಯ ತೈಲಬಾವಿಗಳ ಉಷ್ಣತೆ ನೋಡಿ, ಇಲ್ಲಿನ ನೆಲದ ಮೇಲ್ಮೈ ಕಳೆದ ಕೆಲವು ದಶಕಗಳಲ್ಲಿ, ಹೆಚ್ಚೆಂದರೆ ನೂರು ವರ್ಷದಲ್ಲಿ, 2ರಿಂದ 4 ಡಿಗ್ರಿ ಬೆಚ್ಚಗಾಗಿದೆ ಅಂತ ತೋರಿಸಿದ್ದರು. ಗಾಳಿಯ ಉಷ್ಣತೆ ಬರೆದಿಟ್ಟವರು ಇಲ್ಲದ ಕಾಲದ್ದನ್ನೂ ನೆಲ ಇಟ್ಟುಕೊಂಡಿತ್ತು.

ಮೂವತ್ತು ಮೀಟರ್ ಮುಗಿಯುವಾಗ ರಾತ್ರಿ ಎಂಟೂವರೆ. ಬೆರಳು ಮಡಚಲು ಬರುತ್ತಿರಲಿಲ್ಲ. ಅಂಕಿಗಳನ್ನು ಹೋದ ವರ್ಷದ್ದರ ಪಕ್ಕ ಇಟ್ಟು ನೋಡಿದೆವು. ಗೆರೆ ನೀಟಾಗಿ ಅದರ ಪಕ್ಕದಲ್ಲೇ ಬಂದಿತ್ತು. “ಪ್ರೋಬ್ ಸರಿ ಇದೆ ಅನ್ಸುತ್ತೆ ಅಲ್ವಾ?” ಅಂತ ಕೇಳಿದೆ. ಮೇಷ್ಟ್ರು, “ನನಗೂ ಅನ್ಸುತ್ತೆ. ಆದರೆ ಅನ್ಸಿದ್ದನ್ನ ಬರೆಯೋಕೆ ಈ ಪುಸ್ತಕದಲ್ಲಿ ಕಾಲಂ ಇಲ್ಲ” ಅಂದರು.

ಕ್ಯಾಂಪಿನಲ್ಲಿ ಫೋನ್ ಸಿಗ್ನಲ್ ಇತ್ತು. ಊರಲ್ಲಿ ಆಗ ಮರುದಿನ ಬೆಳಿಗ್ಗೆ. ಅಪ್ಪನಿಗೆ ಫೋನ್ ಮಾಡಿದೆ.

“ಎಷ್ಟು ಅಡಿ ಇಳಿಸಿದ್ರಿ?”

“ನೂರು ಅಡಿ ಹತ್ರ, ಅಪ್ಪ.”

“ನೀರು ಬಿತ್ತಾ?”

“ಇಲ್ಲಿ ನೀರು ಬೀಳಬಾರದು ಅಪ್ಪ. ಬಿದ್ರೆನೇ ಕಷ್ಟ.”

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಹೋದ ವರ್ಷ ಎಷ್ಟಿತ್ತು, ನೋಡ್ಕೊಂಡ್ರಾ?” ಅಂದರು. ಇಷ್ಟು ದಿನದಲ್ಲಿ ನನ್ನನ್ನು ಈ ಕೆಲಸದ ಬಗ್ಗೆ ಸರಿಯಾದ ಪ್ರಶ್ನೆ ಕೇಳಿದ ಮೊದಲ ಮನುಷ್ಯ ಅಪ್ಪ.

ಆರನೇ ದಿನ: ವಾಪಸ್

ಬೆಳಿಗ್ಗೆ ಹಿಮ ಬೀಳುತ್ತಿತ್ತು. ಒಂದು ಟಯರ್ ಪಂಕ್ಚರ್. ಗಾಲ್‌ಬ್ರೇತ್‌ನಲ್ಲಿ ನಿಲ್ಲಿಸಿ ನಾವು ಹಾಕಿದ ಕಬ್ಬಿಣದ ಪೈಪ್ ನೋಡಿದೆವು. ಹಾಗೇ ಇತ್ತು. ಹತ್ತಿರದಲ್ಲೇ ಅಳಿಲು ಹಿಂಗಾಲ ಮೇಲೆ ನಿಂತು ನಮ್ಮನ್ನೇ ನೋಡುತ್ತಿತ್ತು. ಹುಡುಗಿ ಲಾಗರ್ ತೆರೆದು ಮೂರು ದಿನದ ಅಂಕಿ ಇಳಿಸಿಕೊಂಡಳು. ಎಲ್ಲಾ ಗಂಟೆಗಳೂ ಇದ್ದವು, ಒಂದೂ ತಪ್ಪಿರಲಿಲ್ಲ. ಅವಳು ನಕ್ಕಿದ್ದು ನೋಡಿ ನನಗೂ ಸಮಾಧಾನವಾಯಿತು. ರಾತ್ರಿ ಕೋಲ್ಡ್‌ಫುಟ್.

ಏಳನೇ ದಿನ: ಫೇರ್‌ಬ್ಯಾಂಕ್ಸ್

ಸಂಜೆ ಆರಕ್ಕೆ ತಲುಪಿದೆವು. ಗಾಡಿಗೆ ಮೆತ್ತಿದ ಕೆಸರು ಬಣ್ಣವನ್ನೇ ಮುಚ್ಚಿಬಿಟ್ಟಿತ್ತು. ಸಾಮಾನು ನಾಳೆ ಇಳಿಸೋಣ, ಮನೆಗೆ ಹೋಗಿ ಅಂದರು ಮೇಷ್ಟ್ರು. ನನಗೆ ಹೋಗಲು ಮನಸ್ಸಾಗಲಿಲ್ಲ. ಫ್ರೀಜರ್‌ನಲ್ಲಿ ಶುದ್ಧ ನೀರಿನ ಐಸ್ ಇನ್ನೂ ಇದೆಯಾ ಅಂತ ಕೇಳಿದೆ. ಅವರೂ ಕೋಟು ಬಿಚ್ಚಿ ಗೂಟಕ್ಕೆ ಹಾಕಿದರು.

ಈ ಸಲ ಐಸ್ ಕುಟ್ಟಿದ್ದು ನಾನು. ಹುಡುಗಿ ಫ್ಲಾಸ್ಕ್ ತೊಳೆದು ಕೊಟ್ಟಳು. ಪುಡಿ ತುಂಬಿ, ಒತ್ತಿ, ನೀರು ಸುರಿದು, ಐಸ್ ತಳದವರೆಗೂ ಕೂತಿದೆ ಅಂತ ಕಡ್ಡಿ ಹಾಕಿ ನೋಡಿದೆ. ಪ್ರೋಬನ್ನು ಇಳಿಸಿ, ಬಾಯಿಗೆ ಹತ್ತಿ ತುರುಕಿದೆವು. ಮೀಟರ್ ಹಾಕಿದೆ. 15 ಸಾವಿರದಿಂದ ಮೇಲೆ ಏರತೊಡಗಿತು. 16,100. 16,250. ಆಮೇಲೆ ನಿಧಾನ. ಯಾರೂ ಮಾತಾಡಲಿಲ್ಲ. 16,300 ದಾಟಿದ ಮೇಲೆ ಕೊನೆಯ ಅಂಕಿ ಒಂದೊಂದೇ ಹೆಜ್ಜೆ ಹತ್ತುತ್ತಿತ್ತು. 16,314. 16,316. ಇಪ್ಪತ್ತು ನಿಮಿಷ ಆಗುವಷ್ಟರಲ್ಲಿ 16,317 ಮತ್ತು 16,318ರ ಮಧ್ಯೆ ಹೋಗಿಬಂದು ಮಾಡುತ್ತಾ ನಿಂತಿತು. ಇನ್ನೂ ಹತ್ತು ನಿಮಿಷ ಕಾದೆವು. ಅಲ್ಲೇ ಇತ್ತು.

ನಾನು ಅಂಕಿ ಕೂಗಿದೆ. ಹುಡುಗಿ ತಿರುಗಿ ಓದಿದಳು. ಮೇಷ್ಟ್ರು ನೋಟ್‌ಬುಕ್ ನನ್ನ ಕಡೆ ತಳ್ಳಿ ಪೆನ್ನು ಕೊಟ್ಟರು. ನಾಲ್ಕನೇ ದಿನದ ಪುಟದಲ್ಲಿ, ನಡುಗಿದ ಅಕ್ಷರದ ಕೆಳಗೆ, ತಾರೀಕು ಹಾಕಿ, ಹೊತ್ತು ಹಾಕಿ, 16,318 ಅಂತ ಬರೆದು ಎರಡು ಗೆರೆ ಎಳೆದೆ.